ಸದ್ದಿನ ಬೆಲೆ

ರುಸ್ತಾವಿಯ ಗಾಳಿಗೆ ಮುಖವಿಲ್ಲ, ಮೊಣಕೈ ಮಾತ್ರ.
ಸಾಲುಗಟ್ಟಿ ನಿಂತ ಕಾರುಗಳ ಸಂದಿಯಲ್ಲಿ ನುಗ್ಗಿ
ಗಾಜಿಗೆ ಅಂಟಿಸಿದ ಬೆಲೆಚೀಟಿಗಳನ್ನು ಕಿತ್ತು ನೋಡುತ್ತದೆ,
ಯಾವುದನ್ನೂ ಕೊಳ್ಳುವುದಿಲ್ಲ.

ಒತಿಯಾ ಹಲ್ಲು ಕಟ್ಟುವವನು.
ಲಾಮ್ಜಿರಾಳದು ಬ್ರೆಡ್ಡಿನ ಅಂಗಡಿ.
ಅವರಿಗೆ ಬೇಕಾದದ್ದು ದಿನಾ ಬೆಳಗಿನ ಜಾವ
ಎಂಟು ತಟ್ಟೆ ಬಿಸಿ ಬ್ರೆಡ್ಡು ಹೊರುವ ಒಂದು ಕಾರು.
ಹಾಗೆಂದೇ ಮನೆಯಿಂದ ಹೊರಟಿದ್ದರು.

ಈಗ ನೋಡಿ, ಎರಡರ ಮಧ್ಯೆ ನಿಂತಿದ್ದಾರೆ.
ಇತ್ತ ಐದು ವರ್ಷದ ಟೊಯೋಟ, ಬೂದು ಬಣ್ಣ,
ನೋಡಿದ ಮರುಗಳಿಗೆ ಮರೆತುಹೋಗುವ ಮುಖ.
ಅತ್ತ ಹದಿಮೂರರ ಮರ್ಸಿಡಿಸ್, ಕಪ್ಪು,
ಕಪ್ಪೆಂದರೆ ಒತಿಯಾನ ಬೋಳುತಲೆ ಅದರೊಳಗೆ
ಚಂದ್ರನಾಗಿ ಕಾಣುವಷ್ಟು.
ಬೆಲೆ ಎರಡಕ್ಕೂ ಒಂದೇ: ಇಪ್ಪತ್ತೊಂಬತ್ತು ಸಾವಿರ ಲಾರಿ.
(ಇಲ್ಲಿ ಲಾರಿ ಎಂದರೆ ದುಡ್ಡು.
ಚಕ್ರವಿಲ್ಲದೆಯೂ ಉರುಳಿ ಹೋಗುವಂಥದ್ದು.)

"ನಾಜಿಬ್ರೋಲಾಳನ್ನು ಕರಿ" ಎಂದಳು ಲಾಮ್ಜಿರಾ.
ಬಂದಳು ನಾಜಿಬ್ರೋಲಾ, ಗಂಡಸರ ಕೋಟು,
ಕೈಯಲ್ಲಿ ಬೆಂಕಿಪೊಟ್ಟಣದಷ್ಟು ಯಂತ್ರ.
ಬಣ್ಣದ ದಪ್ಪ ಅಳೆಯುವುದೇ ಅವಳ ಕಸುಬು;
ಕೂಲಿ ಮೂವತ್ತು, ಸುಳ್ಳಿಗೂ ನಿಜಕ್ಕೂ ಅಷ್ಟೇ.

ಮೊದಲು ಟೊಯೋಟ. ಬಾನೆಟ್ಟು ನೂರಾ ಹತ್ತು.
ಬಲಬಾಗಿಲು ನೂರಾ ಐದು. ಸರಿ.
ಎಡಗಡೆಯ ಕಂಬದ ಬಳಿ ಯಂತ್ರ
ಬಿಕ್ಕಳಿಸಿದಂತೆ ನಿಂತಿತು: ಆರುನೂರಾ ನಲವತ್ತು.
"ಇಲ್ಲಿ ಯಾರಿಗೋ ಪೆಟ್ಟಾಗಿದೆ" ಎಂದಳು, ತಗ್ಗಿದ ದನಿಯಲ್ಲಿ,
ಕಾರಿಗೆ ಎನ್ನಲಿಲ್ಲ.

ಆಮೇಲೆ ಮರ್ಸಿಡಿಸ್. ನೂರಾ ಇಪ್ಪತ್ತು, ನೂರಾ ಇಪ್ಪತ್ತು,
ನೂರಾ ಹದಿನೆಂಟು, ಸುತ್ತಲೂ.
ಎಲ್ಲೂ ಮೆತ್ತಿಲ್ಲ, ಎಲ್ಲೂ ಮುಚ್ಚಿಲ್ಲ.
"ನೋಡಿದೆಯಾ!" ಎಂದ ಒತಿಯಾ. "ಸಾಧುವಿನದು ವೇಷ,
ಸಿರಿವಂತನದು ಸತ್ಯ! ಇಪ್ಪತ್ತು ವರ್ಷದಿಂದ
ಹುಳುಕಿನ ಮೇಲೆ ಬಿಳುಪು ಹಾಕುತ್ತಿರುವವನು ನಾನು,
ನನಗೆ ಗೊತ್ತಿಲ್ಲವೇ?"

ಹತ್ತಿ ಕೂತ. ಬಾಗಿಲು ಎಳೆದುಕೊಂಡ.

ಆ ಸದ್ದು.
ಅದನ್ನು ಸದ್ದೆನ್ನಬೇಕೋ, ಸದ್ದು ಮುಗಿದದ್ದೆನ್ನಬೇಕೋ.
ಗಾಳಿ ಹೊರಗೆ ಉಳಿಯಿತು, ಮಾರುವವನ ಬಾಯಿ
ಮೀನಿನ ಬಾಯಂತೆ ಸುಮ್ಮನೆ ಆಡಿತು.
ಒಳಗೆ ಒತಿಯಾ, ಅವನ ಉಸಿರು,
ಬೇರೆ ಯಾರದೋ ಊರಿನಲ್ಲಿ ಸವೆದ ತೊಗಲಿನ ವಾಸನೆ.
ಜೀವನದಲ್ಲಿ ಯಾರೂ ಅವನಿಗೆ
ಇಷ್ಟು ಮರ್ಯಾದೆಯಿಂದ ಬಾಗಿಲು ಹಾಕಿರಲಿಲ್ಲ.

ಲಾಮ್ಜಿರಾ ಹಿಟ್ಟಿನ ಬಿಲ್ಲೊಂದನ್ನು ಮಗುಚಿ
ಬಾನೆಟ್ಟಿನ ಮೇಲಿಟ್ಟು ಬರೆಯತೊಡಗಿದಳು.
ಗಾಳಿಬುರುಡೆಯ ಮೇಲೆ ಕೂರುವ ಗಾಡಿಯಂತೆ ಇದು,
ಒಂದು ಬುರುಡೆ ಒಡೆದರೆ ಎರಡು ಸಾವಿರ.
ಪೆಟ್ರೋಲು. ಟೈರು. ದೀಪವೊಂದು ಸತ್ತರೆ
ದೀಪವಲ್ಲ, ದೀಪದ ಮನೆತನವನ್ನೇ ಕೊಳ್ಳಬೇಕು.
ಆನೆಯ ಬೆಲೆಗಿಂತ ಅದರ ಮೇವಿನ ಲೆಕ್ಕ ದೊಡ್ಡದು.
ಸಾದಾ ಕಾರಿಗಿಂತ ವರ್ಷಕ್ಕೆ ಮೂರು ಸಾವಿರ ಹೆಚ್ಚು.

ಗಾಜು ತಟ್ಟಿದಳು.
"ದಿನಕ್ಕೆ ಎಷ್ಟು ಸಲ ಬಾಗಿಲು ಹಾಕುತ್ತಿ?"
"ನಾಲ್ಕು?"
ಭಾಗಿಸಿದಳು. ಚೀಟಿಯನ್ನು ಗಾಜಿಗೆ ಒತ್ತಿ ಹಿಡಿದಳು:
ಒಂದು ಸದ್ದಿಗೆ ಎರಡು ಲಾರಿ, ಚಿಲ್ಲರೆ.
ಒಂದು ಬ್ರೆಡ್ಡಿನಲ್ಲಿ ನಮಗುಳಿಯುವುದು ಇಪ್ಪತ್ತು ತೆತ್ರಿ.
ಹತ್ತು ಬ್ರೆಡ್ಡಿಗೆ ಒಂದು ಸಲ ಬಾಗಿಲು.

ಒತಿಯಾ ಓದಿದ. ಇಳಿದ.
ಬಾಗಿಲನ್ನು ಮತ್ತೊಮ್ಮೆ, ಹೊರಗಿನಿಂದ, ಮೆಲ್ಲಗೆ ಹಾಕಿದ.
"ಇದು ಪುಕ್ಕಟೆ" ಎಂದ.
ಅವಳು ನಕ್ಕಳೆಂದೇನೂ ಅಲ್ಲ.
ಅವನ ಕೋಟಿನ ಮೇಲಿನ ಗುಂಡಿ ಹಾಕಿದಳು.

ಎರಡನ್ನೂ ಬಿಟ್ಟರು. ಮುಂದಿನ ಸಾಲಿನಲ್ಲಿ
ಇನ್ನೊಂದು ಬೂದು ಟೊಯೋಟ ಇತ್ತು, ಸುತ್ತಲೂ ನೂರಾ ಹತ್ತು,
ಬಾಗಿಲು ಹಾಕಿದರೆ ತಗಡಿನ ಡಬ್ಬಿ.
ಚೌಕಾಸಿ ಅರ್ಧ ಗಂಟೆ. ಕೊಂಡರು.

ಕತ್ತಲಾದ ಮೇಲೆ ನಾಜಿಬ್ರೋಲಾ ತನ್ನ ಒಪೆಲ್ ಹತ್ತಿದಳು.
ಬಾಗಿಲು ಮೂರನೆಯ ಸಲಕ್ಕೆ ಕೂತಿತು.
ಆ ಕಾರಿಗೆ ಅವಳು ಯಂತ್ರ ಹಚ್ಚಿದ್ದಿಲ್ಲ,
ಒಂದು ದಿನವೂ.