ಬಾಡಿಗೆ ಮೋಡ

ಹೆಸರಿಗೆ ಮೋಡ. ಇರುವುದು ನೆಲದ ಮೇಲೆಯೇ,
ಫ್ರಾಂಕ್‌ಫರ್ಟಿನ ಹೊರವಲಯದಲ್ಲಿ, ಟೈರು ಗೋದಾಮಿನ ಪಕ್ಕ,
ಕಿಟಕಿಯಿಲ್ಲದ ಕಟ್ಟಡದೊಳಗೆ.
ನನ್ನದು ಅಲ್ಲಿ ರಾತ್ರಿಪಾಳಿ.
ಕಿವಿಗೆ ಹತ್ತಿ ತುರುಕಿಕೊಂಡು
ಫ್ಯಾನುಗಳ ಭೋರಿನಲ್ಲಿ ಒಂದೊಂದೇ ಕಪಾಟು ಮುಟ್ಟಿ ನೋಡುತ್ತೇನೆ,
ಮಗುವಿಗೆ ಜ್ವರ ಇದೆಯೇನೋ ಎಂಬಂತೆ.

ಹದಿನೇಳನೇ ಸಾಲಿನ ನಾಲ್ಕನೇ ಪೆಟ್ಟಿಗೆಯಲ್ಲಿ
ಈಗ ಕೋಶಿತ್ಸೆಯ ಹುಡುಗನೊಬ್ಬ ಕುದುರೆ ಓಡಿಸುತ್ತಿದ್ದಾನೆ.
ಹೆಸರು ನನಗೆ ಗೊತ್ತಿರಬಾರದು.
ದೂರಿನ ಚೀಟಿಯಲ್ಲಿತ್ತು: ರಾಸ್ತಿಸ್ಲಾವ್.
ಅಜ್ಜಿಯ ಲ್ಯಾಪ್‌ಟಾಪಂತೆ, ಎರಡು ಕೀಲಿ ಕಿತ್ತುಹೋದದ್ದು.
ಅದರೊಳಗೆ ಆಟವಿಲ್ಲ, ಆಟದ ಕನ್ನಡಿ ಮಾತ್ರ.
ಅವನು ಅಲ್ಲಿ ಗುಂಡಿ ಒತ್ತಿದರೆ
ಒತ್ತಿದ್ದು ದೇಶಗಳ ನೆಲದಡಿ ತೂರಿ ಬಂದು
ಇಲ್ಲಿ ಕುದುರೆ ನೆಗೆಯುತ್ತದೆ;
ನೆಗೆದ ಚಿತ್ರ ಬಂದ ದಾರಿಯಲ್ಲೇ ವಾಪಸು.
ಎವೆ ಬಡಿಯುವುದರೊಳಗೆ ಇಷ್ಟೂ ಮುಗಿಯಬೇಕು.
ತಡವಾದರೆ ಕುದುರೆ ಹಳ್ಳಕ್ಕೆ, ಬೈಗುಳ ನಮಗೆ.

ಹನ್ನೊಂದಕ್ಕೆ ಅವನು ಮಲಗುತ್ತಾನೆ.
ಪೆಟ್ಟಿಗೆ ಮಲಗುವ ಹಾಗಿಲ್ಲ.
ಒಬ್ಬರೆದ್ದ ಹಾಸಿಗೆಯ ಬಿಸಿ ಆರುವ ಮೊದಲೇ ಇನ್ನೊಬ್ಬರು:
ಪೋರ್ಟೋದಲ್ಲಿ ಬೇಕರಿ ಮುಚ್ಚಿ ಬಂದವಳು
ಅದರಲ್ಲೇ ರೇಸಿನ ಕಾರು ಹತ್ತುತ್ತಾಳೆ.
"ಖಾಲಿ ಪೆಟ್ಟಿಗೆ ಬಿಳಿಯಾನೆ, ಗ್ಯುಲ್ತೆನ್,"
ಎನ್ನುತ್ತಿದ್ದ ಲೆಕ್ಕದ ಡೀಟ್‌ಮಾರ್.
"ಎಲ್ಲರೂ ಒಟ್ಟಿಗೆ ಆಡಿದರೂ ದಿವಾಳಿ.
ತಿಂಗಳಿಗೆ ಹನ್ನೊಂದು ಯೂರೋ ಕಟ್ಟಿ
ಆಡುವುದನ್ನೇ ಮರೆತವರಿದ್ದಾರಲ್ಲ,
ನಮ್ಮನ್ನು ಸಾಕುವವರು ಅವರು."
ಅಂಥ ಮರೆಗುಳಿಗಳು ಬೇಕಾದಷ್ಟಿದ್ದಾರೆಂದು
ಮೂರು ವರ್ಷ ನಂಬಿದೆವು.
ಜನಕ್ಕೆ ನೆನಪು ಚೆನ್ನಾಗಿಯೇ ಇತ್ತು.

ಮೊನ್ನೆ ಪತ್ರ ಬಂತು. ತಿಂಗಳ ಕೊನೆಗೆ ಬಾಗಿಲು.
ಯಂತ್ರಗಳನ್ನು ಕೃತಕ ಬುದ್ಧಿಯ ಯಾವುದೋ ಕಂಪನಿ ಕೊಂಡಿದೆ.
ಕುದುರೆ ನೆಗೆಸಿದ ಚಿಪ್ಪು
ಇನ್ನು ವಿಮೆಯ ಕಾಗದ ಬರೆಯಲಿದೆ.
ಡೀಟ್‌ಮಾರನಿಗೆ ಅಲ್ಲೇ ಕೆಲಸ ಸಿಕ್ಕಿತು.

ಇವತ್ತು ರಾಸ್ತಿಸ್ಲಾವನ ಇನ್ನೊಂದು ಚೀಟಿ,
ತಪ್ಪುತಪ್ಪು ಜರ್ಮನಿನಲ್ಲಿ:
"ನನ್ನ ಕುದುರೆ ಎಲ್ಲಿಗೆ ಹೋಗುತ್ತದೆ?"
ಉತ್ತರ ಸಿದ್ಧವಿದೆ, ಕಾನೂನಿನವರು ಬರೆದದ್ದು:
ನೀವು ತೆತ್ತದ್ದು ಬಾಡಿಗೆ, ಕೊಂಡದ್ದು ಏನೂ ಇಲ್ಲ.
ಅಂಟಿಸಿ ಕಳಿಸಿದರಾಯಿತು.

ಎದ್ದು ಹದಿನೇಳನೇ ಸಾಲಿಗೆ ಹೋದೆ.
ನಾಲ್ಕನೇ ಪೆಟ್ಟಿಗೆಯ ಬೆನ್ನಿಗೆ ಅಂಗೈ ಇಟ್ಟೆ.
ಸುಡುವಷ್ಟು ಬಿಸಿ. ಎಲ್ಲೋ ಏರು ಹತ್ತುತ್ತಿರಬೇಕು.
ಗಡಿಯಾರ ನೋಡಿದೆ:
ಹತ್ತು ಐವತ್ತು.
ಇನ್ನೂ ಹತ್ತು ನಿಮಿಷ ಅವನದು.