ಎಂಟು ಸೆಕೆಂಡು

ಮಂಗಳವಾರ ಮಧ್ಯಾಹ್ನ, ಕುತೈಸಿಯ ಬಿಳಿ ಸೇತುವೆಯಾಚೆ,
ಬೂಟು ಹೊಲಿಯುವವನ ಪಕ್ಕದ ನನ್ನ ಮೂರಡಿ ಅಂಗಡಿಗೆ
ಬಿಸಿ ರೊಟ್ಟಿಯ ಹಾಗೆ ಟವೆಲಿನಲ್ಲಿ ಸುತ್ತಿ
ಲ್ಯಾಪ್‌ಟಾಪ್ ತಂದಳು ಹುಡುಗಿ, ಹೆಸರು ತೆಕ್ಲೆ.
"ರಾತ್ರಿ ಅಪ್‌ಡೇಟ್ ಆಯಿತು. ಬೆಳಿಗ್ಗೆಯಿಂದ ಇದಕ್ಕೆ ಕಿವಿಯೇ ಇಲ್ಲ.
ಹತ್ತು ಸಲ ಕುಟ್ಟಿದರೆ ಒಂದಕ್ಷರ,
ಅದೂ ಮನಸ್ಸು ಬಂದರೆ."

ನಾನೂ ಕುಟ್ಟಿದೆ. ಖಾಲಿ ಪರದೆ. ಕರ್ಸರ್ ಮಾತ್ರ
ರೆಪ್ಪೆ ಬಡಿಯುತ್ತ ಕೂತಿತ್ತು,
ನನಗೇನೂ ಗೊತ್ತಿಲ್ಲ ಅನ್ನುವ ಸಾಕ್ಷಿಯ ಹಾಗೆ.

ಎಲ್ಲರೂ ಮಾಡುವುದನ್ನೇ ಮಾಡಿದೆ ಮೊದಲು:
ಕೀಲಿಗಳನ್ನು ಒಂದೊಂದಾಗಿ ಎಬ್ಬಿದೆ.
ಅಡಿಯಲ್ಲಿ ಅಕ್ರೋಟಿನ ಸಿಪ್ಪೆ, ಬೂದು ಬೆಕ್ಕಿನ ಕೂದಲು,
ಸಾಸಿವೆಯಷ್ಟು ಕೆಂಪು ಉಗುರುಬಣ್ಣ.
ಬ್ರಷ್ಷಾಡಿಸಿ ಊದಿದೆ. ಊಹೂಂ.
ಡ್ರೈವರ್ ಕಿತ್ತುಹಾಕಿ ಮತ್ತೆ ಕೂರಿಸಿದೆ,
ಹಳೆಯದನ್ನು ಹುಡುಕಿ ಅದನ್ನೂ ಕೂರಿಸಿದೆ,
ನಡುವೆ ನಾಲ್ಕು ಸಲ ಆರಿಸಿ ಹೊತ್ತಿಸಿದೆ. ಊಹೂಂ.
ಹೊರಗಿನ ಕೀಬೋರ್ಡ್ ಚುಚ್ಚಿದೆ –
ನನ್ನದೇ, ನಿನ್ನೆವರೆಗೆ ಹೇಳಿದ ಮಾತು ಕೇಳಿಕೊಂಡಿದ್ದದ್ದು –
ಅದೂ ಇವರ ಮನೆಯ ನೀರು ಕುಡಿದಂತೆ ಸುಮ್ಮನಾಯಿತು.

ಆಗ ತಿಳಿಯಿತು, ರೋಗ ಕೀಲಿಗಳದ್ದಲ್ಲ.
ಬೆರಳಿಗೂ ಪರದೆಗೂ ನಡುವೆ ಯಾರೋ ಕೂತಿದ್ದಾರೆ;
ಯಾರು ಅನ್ನುವುದು ಮಾತ್ರ ತಿಳಿಯಲಿಲ್ಲ.

ಬುಧವಾರ ಅಜ್ಜಿಯೇ ಬಂದರು. ತ್ಸಿಯುರಿ.
ಕೈಯಲ್ಲಿ ಕಾಗದದ ಕಟ್ಟು, ಮೂಗಿನ ತುದಿಗೆ ಕನ್ನಡಕ.
"ಕೆಟ್ಟಿದೆಯಂತೆ? ಯಾರು ಹೇಳಿದ್ದು?
ಎಂಟು ತಿಂಗಳಲ್ಲಿ ನಿನ್ನೆಯೇ ಮೊದಲು
ಅದು ಸರಿಯಾಗಿ ನಡೆದುಕೊಂಡದ್ದು."

ನನ್ನ ಸ್ಟೂಲಿನ ಮೇಲೆ ಕೂತು, ಬೆನ್ನು ನೆಟ್ಟಗೆ ಮಾಡಿ
ಒತ್ತಿದರು. ಕುಟ್ಟಲಿಲ್ಲ, ಒತ್ತಿದರು –
ಹಿಟ್ಟಿನಲ್ಲಿ ಹೆಬ್ಬೆರಳು ಊರಿ, ತಡೆದು, ಬಿಟ್ಟ ಹಾಗೆ.
ಬಂತು ಒಂದಕ್ಷರ. ದುಂಡಗೆ.
ಮತ್ತೊಂದು.
ನಮ್ಮ ಲಿಪಿಯ ಬಳುಕುಗಳೆಲ್ಲ ಸಾಲಾಗಿ ಬಂದು ನಿಂತವು.

ಮೋಟಾರು ಕಾರ್ಖಾನೆಯ ಬೆರಳಚ್ಚು ಕೋಣೆಯಲ್ಲಿ ಮೂವತ್ತೊಂದು ವರ್ಷ.
ಐದು ಪ್ರತಿ, ನಡುವೆ ನಾಲ್ಕು ಕಾರ್ಬನ್ನು.
"ಐದನೆಯ ಹಾಳೆಗೂ ಕೇಳಿಸಬೇಕು ಮಾತು.
ಆ ಯಂತ್ರದಲ್ಲಿ ಬೆರಳು ಅಲ್ಲೇ ಮರೆತರೂ ಅಕ್ಷರ ಒಂದೇ."

ಬರೆಯುತ್ತಿದ್ದದ್ದು ಲಿಫ್ಟಿನ ಮೇಲೆ ದೂರು.
ಒಂಬತ್ತನೆಯ ಮಹಡಿಗೆ ಒಂದು ನಾಣ್ಯ; ಪೆಟ್ಟಿಗೆ ನುಂಗುತ್ತದೆ,
ಲಿಫ್ಟು ಏಳುವುದಿಲ್ಲ. ಇದು ಹದಿನಾಲ್ಕನೆಯ ಅರ್ಜಿ.
"ಅಲ್ಲೂ ಹೀಗೇ, ಗುಂಡಿಯನ್ನು ಮುಟ್ಟಿ ಓಡುತ್ತಾರೆ ಹುಡುಗರು.
ಯಾರೂ ಒತ್ತುವುದಿಲ್ಲ."

ಥಟ್ಟನೆ ಹೊಳೆಯಿತು.
ಸೆಟ್ಟಿಂಗ್ಸಿನ ಮೂರನೆಯ ಒಳಮನೆಯಲ್ಲಿ ಒಂದು ಟಿಕ್ ಗುರುತು,
ಅಪ್‌ಡೇಟ್ ಎದ್ದುಹೋಗುವಾಗ ಆರಿಸಲು ಮರೆತ ದೀಪ:
ಅವಸರದ ಬೆರಳನ್ನು ಲೆಕ್ಕಕ್ಕೆ ಹಿಡಿಯಬೇಡ.
ನಡುಗುವ ಕೈಗಳಿಗಾಗಿ ಯಾರೋ ಮಾಡಿಟ್ಟ ಏರ್ಪಾಡು.
ತೆಗೆದೆ.
ತೆಕ್ಲೆಯ ಬೆರಳುಗಳು ಕಾಳು ಕಂಡ ಕೋಳಿಮರಿಗಳಾದವು.
ಎಷ್ಟು ಕೊಡಲಿ ಎಂದಳು.

ಆಮೇಲೆ ಅಜ್ಜಿ ಒತ್ತಿದರು.
ಮಾಮಾಮಾಮಾಮಾನ್ಯರೇರೇರೇರೇ
ಎಂದು ತೊದಲಿತು ಪರದೆ.
ಕೈಗಳನ್ನು ಮಡಿಲಿಗೆ ತೆಗೆದುಕೊಂಡರು. ಸಿಟ್ಟಿರಲಿಲ್ಲ.
"ಎಂಟು ತಿಂಗಳೂ ಹೀಗೇ.
ಬೆರಳಿಗೆ ವಯಸ್ಸಾಯಿತು ಅಂದುಕೊಂಡಿದ್ದೆ."

ಹತ್ತೊಂಬತ್ತು ವರ್ಷದ ಅಂಗಡಿಯಲ್ಲಿ
ರಿಪೇರಿ ಮಾಡಿದ್ದನ್ನು ಮತ್ತೆ ಕೆಡಿಸಿ ಕೊಟ್ಟದ್ದು ಅದೊಂದೇ.
ಕೆಡಿಸಿದೆನೋ, ಸರಿಮಾಡಿದೆನೋ – ರಸೀತಿಯಲ್ಲಿ ಆ ಜಾಗ ಖಾಲಿ ಬಿಟ್ಟೆ.
ತೆಕ್ಲೆಗೆ ತೋರಿಸಿದೆ: ಬಲಗಡೆಯ ಶಿಫ್ಟ್, ಎಂಟು ಸೆಕೆಂಡು, ಬಿಡದೆ.
ಒಮ್ಮೆ ಹಿಡಿದರೆ ಅಜ್ಜಿಯ ಪಾಳಿ. ಇನ್ನೊಮ್ಮೆ ಹಿಡಿದರೆ ನಿನ್ನದು.

ಎಂಟು ಸೆಕೆಂಡು ಅವಳಿಗೆ ಕಷ್ಟವಾಯಿತು.
ನಾಲ್ಕಕ್ಕೆ ಬಿಟ್ಟಳು. ಆರಕ್ಕೆ ಬಿಟ್ಟಳು, ಫೋನು ಮಿಣುಕಿತೆಂದು.
ಮೂರನೆಯ ಸಲ ತ್ಸಿಯುರಿ
ಅವಳ ಬೆರಳ ಮೇಲೆ ತಮ್ಮ ಬೆರಳನ್ನಿಟ್ಟು ಎಣಿಸಿದರು,
ಗಟ್ಟಿಯಾಗಿ, ಕಾರ್ಖಾನೆಯ ದನಿಯಲ್ಲಿ:
ಎರ್ತಿ, ಓರಿ, ಸಾಮಿ, ಓತ್ಖಿ...

ಎಂಟೆನ್ನುವಾಗ ಕುಂಯ್ ಎಂದಿತು ಯಂತ್ರ.
ಪಕ್ಕದಲ್ಲಿ ಬೂಟಿನವನ ಸುತ್ತಿಗೆ
ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.