ದೀಪಕ್ಕೆ ಹೆಸರಿಟ್ಟದ್ದು

ಒಂಬತ್ತು ಬಲ್ಬು, ಎರಡು ಕಿಟಕಿಪರದೆ, ಒಂದು ಹೀಟರ್.
ಪೆಟ್ಟಿಗೆ ಒಡೆದು ನೆಲದ ಮೇಲೆ ಹರವಿಕೊಂಡು ಕೂತೆ.
ಬಲ್ಬಿಗೆ ಪರದೆಯ ಗುರುತಿಲ್ಲ, ಪರದೆಗೆ ಹೀಟರಿನ ಗೊಡವೆಯಿಲ್ಲ;
ಒಂದೊಂದಕ್ಕೂ ಅದರದರ ಕಂಪನಿಯ ಬಿಗುಮಾನ.
ಮುನಿದ ಬೀಗರನ್ನು ಒಂದೇ ಪಂಕ್ತಿಗೆ ಕೂರಿಸುವ ಪಾಡು.

ಟ್ರೋಂಡುರ್ ಗಾಲಿಕುರ್ಚಿಯಿಂದ ನೋಡುತ್ತಿದ್ದ.
ಬಲೆ ಎಳೆಯುವ ಯಂತ್ರದ ಹಗ್ಗ ಕತ್ತಿಗೆ ಬಡಿದ ಮೇಲೆ
ಅವನ ಕೈಗಳು ಮಡಿಲಲ್ಲಿ,
ಯಾರೋ ಬಿಟ್ಟುಹೋದ ಕೈಗವಸುಗಳು.
ಉಳಿದದ್ದು ದನಿ. ಅದೂ
ಬಿರುಗಾಳಿಯಲ್ಲಿ ಹಡಗಿನ ಈ ತುದಿಯಿಂದ ಆ ತುದಿಗೆ
ಕೂಗಿ ಕೂಗಿ ಪಳಗಿದ್ದು.

"ಇಂಗ್ಲಿಷಿನಲ್ಲಿ ಹೇಳಬೇಕು," ಅಂದೆ.
"ನನ್ನ ಮನೆಗೇ?"
ಉತ್ತರ ನನ್ನ ಉಪಕರಣದ ಚೀಲದಲ್ಲಿರಲಿಲ್ಲ.
ನಾವು ಫಾರೋ ದ್ವೀಪದವರು ಐವತ್ತು ಚಿಲ್ಲರೆ ಸಾವಿರ;
ನಮ್ಮ ನುಡಿ ಈ ಪೆಟ್ಟಿಗೆಗಳ ಪಟ್ಟಿಯಲ್ಲಿಲ್ಲ.

ಅವನು ಲ್ಯೋಸ್ ಅಂದ. ನಮ್ಮಲ್ಲಿ ಬೆಳಕಿಗೆ ಹಾಗನ್ನುತ್ತೇವೆ.
ಯಂತ್ರ ಕ್ಷಮೆ ಕೇಳಿತು.
ಮತ್ತೆ ಅಂದ. ಮತ್ತೆ ಕ್ಷಮೆ.
ನಾಲ್ಕನೆಯ ಸಲ, ತನಗೆ ಕೇಳಿಸಿದ್ದನ್ನು
ಫೋನಿನಲ್ಲಿ ಬರೆದು ತೋರಿಸಿತು:
ಲಾಸ್.

ಮಗಳು ಮರ್ಯುನ್ ಕಿಸಕ್ಕನೆ ನಕ್ಕಳು.
ಅವನು ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು,
"ಹಾಗೇ ಇರಲಿ," ಅಂದ.

ಅಡುಗೆಮನೆ ದೀಪದ ಹೆಸರಿನ ಜಾಗದಲ್ಲಿ
ಲಾಸ್ ಎಂದೇ ಬರೆದೆ.

ಹೊರಗೆ ಮೂರಕ್ಕೇ ಕತ್ತಲು. ಕುರಿಗಳು ಬೇಲಿಗೆ ಒತ್ತಿಕೊಂಡಿದ್ದವು.
ಅವನು ಉಸಿರೆಳೆದು ತನ್ನ ಪಾಡಿಗೆ ಬೆಳಕನ್ನು ಕರೆದ.
ಯಂತ್ರ ಅದರ ಪಾಡಿಗೆ ನಷ್ಟವೆಂದು ಕೇಳಿಸಿಕೊಂಡಿತು.
ದೀಪ ಹೊತ್ತಿತು.

ಎಂಟು ಬಲ್ಬು ಬಾಕಿ.
ಹೀಟರ್ ಇನ್ನೂ ಯಾರ ಮಾತೂ ಕೇಳುತ್ತಿಲ್ಲ.